ಪಕಾಯೆಂಬುವಿನಲ್ಲಿ ಎದ್ದ ಮುಷ್ಟಿಗಳು: ಡಾಕ್ಟರ್ ಸಾಕ್ರಟೀಸ್‌ಗೆ ಗ್ಯಾಲರಿ ಹೇಳಿದ ವಿದಾಯ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನ ಗ್ರೌಂಡ್ ನೋಡಿಕೊಳ್ಳುತ್ತಿದ್ದ ಅಣ್ಣ ತೀರಿಕೊಂಡರು. ಪಿಚ್‌ಗೆ ನೀರು ಬಿಡೋದು, ರೋಲರ್ ಎಳೆಯೋದು, ಬೌಂಡರಿಗೆ ಸುಣ್ಣ ಹಾಕೋದು, ನಾವು ಆಡಿ ಎಸೆದು ಹೋದ ಬಾಟಲಿ ಹೆಕ್ಕೋದು ಎಲ್ಲ ಅವರೇ. ಅವರು ಹೋದ ವಾರವೇ ಬ್ರಾಂಚ್‌ಗಳ ನಡುವಿನ ಕ್ರಿಕೆಟ್ ಫೈನಲ್. ಟಾಸ್ ಆದ ಮೇಲೆ ಮೈಕ್‌ನಲ್ಲಿ ಒಂದು ನಿಮಿಷ ಮೌನ ಅಂದರು. ಹೆಸರು ಹೇಳಲಿಲ್ಲ, ಮೈದಾನದ ಸಿಬ್ಬಂದಿಯೊಬ್ಬರು ಅಂದರು ಅಷ್ಟೇ. ನನಗೂ ಅವರ ಹೆಸರು ಗೊತ್ತಿಲ್ಲ ಅನ್ನೋದು ನಂಗೆ ಹೊಳೆದಿದ್ದು ಆಗಲೇ. ಹತ್ತು ಸೆಕೆಂಡ್ ಆಗಿರಬಹುದು, ಯಾರದೋ ಮೊಬೈಲ್‌ನಲ್ಲಿ ಸಿನಿಮಾ ಹಾಡಿನ ರಿಂಗ್‌ಟೋನ್ ಶುರುವಾಯಿತು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ವಾಚ್ ನೋಡುವ ಚಟ ಇದ್ದವನಾದ್ದರಿಂದ ಲೆಕ್ಕ ನೆನಪಿದೆ: ಇಪ್ಪತ್ತೆರಡು ಸೆಕೆಂಡಿಗೆ ನಮ್ಮ ಒಂದು ನಿಮಿಷ ಮುಗಿದಿತ್ತು.

ಅದಾಗಿ ಕೆಲವೇ ದಿನಕ್ಕೆ, 2011ರ ಡಿಸೆಂಬರ್ ಮೊದಲ ವಾರದಲ್ಲಿ, ಹಾಸ್ಟೆಲ್ ರೂಮಿನಲ್ಲಿ ಫೇಸ್‌ಬುಕ್ ನೋಡುತ್ತಾ ಕೂತಿದ್ದಾಗ ಒಂದು ಫೋಟೋ ಕಣ್ಣಿಗೆ ಬಿತ್ತು. ಬ್ರೆಜಿಲ್‌ನ ಸಾವೊ ಪಾಲೊ ನಗರದ ಪಕಾಯೆಂಬು ಸ್ಟೇಡಿಯಂ. ಮೈದಾನದ ನಟ್ಟನಡುವಿನ ವೃತ್ತದಲ್ಲಿ ಕೊರಿಂಥಿಯನ್ಸ್ ತಂಡದ ಆಟಗಾರರು ನಿಂತಿದ್ದಾರೆ. ಎಲ್ಲರ ಬಲಗೈ ಮೇಲೆ, ಮುಷ್ಟಿ ಬಿಗಿದಿದೆ. ಗ್ಯಾಲರಿಯಲ್ಲೂ ಮುಷ್ಟಿಗಳು. ಯಾರೋ ಸತ್ತಿದ್ದಾರೆ ಅಂತ ಗೊತ್ತಾಗುತ್ತೆ, ಆದರೆ ಒಬ್ಬರೂ ತಲೆ ತಗ್ಗಿಸಿಲ್ಲ. ಸತ್ತವನು ಯಾರು ಅಂತ ಹುಡುಕುತ್ತಾ ಹೋದವನು ಆ ರಾತ್ರಿ ಸರ್ಕ್ಯೂಟ್ ಥಿಯರಿ ಇಂಟರ್ನಲ್ಸ್‌ಗೆ ಓದಲೇ ಇಲ್ಲ. ಇವತ್ತು ಪತ್ರಕರ್ತನಾಗಿ ಇದನ್ನೆಲ್ಲ ಬರೆಯುತ್ತಿರೋದಕ್ಕೆ ಆ ರಾತ್ರಿಯ ಪಾಲು ಸ್ವಲ್ಪ ಇದೆ ಅನಿಸುತ್ತೆ.

ಸತ್ತವನ ಪೂರ್ತಿ ಹೆಸರು ಸಾಕ್ರಟೀಸ್ ಬ್ರಸಿಲೇರೊ ಸಂಪಾಯೊ ಡಿ ಸೋಜಾ ವಿಯೇರಾ ಡಿ ಒಲಿವೇರಾ. ಹುಟ್ಟಿದ್ದು 1954ರ ಫೆಬ್ರುವರಿ 19, ಅಮೆಜಾನ್ ಸೀಮೆಯ ಬೆಲೆಂ ಎಂಬ ಊರಲ್ಲಿ. ಅಪ್ಪ ರೈಮುಂಡೊ ಬಡತನದಲ್ಲಿ ಬೆಳೆದು, ಸ್ವಂತವಾಗಿ ಓದಿ ಸರ್ಕಾರಿ ಕೆಲಸ ಹಿಡಿದವರು. ಪುಸ್ತಕದ ಹುಚ್ಚು. ಗ್ರೀಕ್ ತತ್ವಜ್ಞಾನ ಓದಿದ ಗುಂಗಿನಲ್ಲಿ ಮೊದಲ ಮಗನಿಗೆ ಸಾಕ್ರಟೀಸ್ ಅಂತ ಇಟ್ಟರು, ಆಮೇಲಿನ ಇಬ್ಬರಿಗೆ ಸೋಸ್ತೆನೀಸ್ ಮತ್ತು ಸೊಫೊಕ್ಲೀಸ್. ಕೊನೆಯ ಮಗ ರಾಯಿ ಹುಟ್ಟುವ ಹೊತ್ತಿಗೆ ಗ್ರೀಕರ ಕಾಟ ತಪ್ಪಿತ್ತು. ಈ ರಾಯಿಯೇ ಮುಂದೆ 1994ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲಿದ್ದ. ಅಣ್ಣನ ಕೈಗೆ ಬಾರದ ಕಪ್ಪು ತಮ್ಮನ ಕೈಗೆ ಬಂತು.

ಅಪ್ಪನ ವರ್ಗಾವಣೆಯಿಂದಾಗಿ ಸಂಸಾರ ಸಾವೊ ಪಾಲೊ ರಾಜ್ಯದ ರಿಬೇರೊ ಪ್ರೆಟೊ ಊರಿಗೆ ಬಂತು. 1964ರಲ್ಲಿ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಸಾಕ್ರಟೀಸ್‌ಗೆ ಹತ್ತು ವರ್ಷ. ರಷ್ಯಾದ ಕ್ರಾಂತಿಗೆ ಸಂಬಂಧಪಟ್ಟ ಪುಸ್ತಕ ಮನೆಯಲ್ಲಿ ಇರೋದೇ ಅಪಾಯ ಅಂತಾಗಿ, ಅಪ್ಪ ಅದನ್ನು ಸುಟ್ಟರು. ಪುಸ್ತಕವನ್ನು ಮಕ್ಕಳಷ್ಟೇ ಜತನದಿಂದ ನೋಡಿಕೊಳ್ಳುತ್ತಿದ್ದ ಅಪ್ಪ ತಮ್ಮ ಕೈಯಾರೆ ಅದಕ್ಕೆ ಬೆಂಕಿ ಇಡುವುದನ್ನು ಹುಡುಗ ನಿಂತು ನೋಡಿದ. ರಾಜಕೀಯ ತನ್ನ ತಲೆಗೆ ಹೊಕ್ಕಿದ್ದು ಅಲ್ಲಿಂದ ಅಂತ ಆತ ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾನೆ.

ಫುಟ್‌ಬಾಲ್ ಆತನ ಮೊದಲ ಆಯ್ಕೆ ಆಗಿರಲೇ ಇಲ್ಲ. ಡಾಕ್ಟರ್ ಆಗಬೇಕಿತ್ತು, ಆದ. ರಿಬೇರೊ ಪ್ರೆಟೊದಲ್ಲಿರುವ ಸಾವೊ ಪಾಲೊ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಲೇ ಊರಿನ ಬೊಟಾಫೊಗೊ ಕ್ಲಬ್‌ಗೆ ಆಡಿದ. ಕ್ಲಾಸು, ವಾರ್ಡು ಅಂತ ಪ್ರಾಕ್ಟೀಸಿಗೆ ಚಕ್ಕರ್. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಹುಡುಗರು ಅಟೆಂಡೆನ್ಸ್‌ಗಾಗಿ ಎಚ್‌ಒಡಿ ರೂಮಿನ ಮುಂದೆ ನಿಲ್ಲೋದು ನೆನಪಾಗುತ್ತೆ, ಆದರೆ ಇಲ್ಲಿ ಕಥೆ ಉಲ್ಟಾ. ಪರೀಕ್ಷೆ ಇದೆ, ಟ್ರೇನಿಂಗ್‌ಗೆ ಬರೋಕಾಗಲ್ಲ ಅಂತ ಕ್ಲಬ್‌ಗೆ ಹೇಳುತ್ತಿದ್ದ ಆಟಗಾರ ಈತ. 1977ರಲ್ಲಿ ಡಿಗ್ರಿ ಮುಗಿಯಿತು, 1978ರಲ್ಲಿ ಕೊರಿಂಥಿಯನ್ಸ್ ಸೇರಿದ.

ನೋಡೋಕೆ ಫುಟ್‌ಬಾಲ್ ಆಟಗಾರನ ಥರವೇ ಇರಲಿಲ್ಲ. ಆರು ಅಡಿ ಮೂರೂವರೆ ಇಂಚು ಎತ್ತರ, ಒಣಕಲು ಮೈ, ಕೆದರಿದ ಗಡ್ಡ. ಅಷ್ಟು ಎತ್ತರದ ಮನುಷ್ಯನಿಗೆ ಪಾದ ಮಾತ್ರ ಚಿಕ್ಕದು. ಥಟ್ಟನೆ ತಿರುಗೋದು ಕಷ್ಟ, ಓಡೋದು ಸೋಮಾರಿತನ. ಅದಕ್ಕೊಂದು ಉಪಾಯ ಕಂಡುಕೊಂಡ: ತಿರುಗೋದೇ ಬೇಡ. ಬೆನ್ನ ಹಿಂದಿರುವ ಜೊತೆಗಾರನಿಗೆ ಹಿಮ್ಮಡಿಯಲ್ಲೇ ಪಾಸ್ ಕೊಡುತ್ತಿದ್ದ. ಅದು ಶೋಕಿಯಾಗಿ ಕಾಣುತ್ತಿತ್ತು, ನಿಜಕ್ಕೂ ಅದು ದೇಹದ ಮಿತಿಗೆ ಬುದ್ಧಿ ಕೊಟ್ಟ ಉತ್ತರ. ಕೊರಿಂಥಿಯನ್ಸ್ ಪರ 172 ಗೋಲು ಹೊಡೆದ. ಗೋಲು ಹೊಡೆದಾಗ ಉಳಿದವರು ಕುಣಿಯುತ್ತಿದ್ದರೆ ಈತ ಒಂದು ಕೈ ಮೇಲೆತ್ತಿ ಮುಷ್ಟಿ ಬಿಗಿದು ಸುಮ್ಮನೆ ನಿಲ್ಲುತ್ತಿದ್ದ. ಪಕಾಯೆಂಬುವಿನ ಫೋಟೋದಲ್ಲಿ ನಾನು ನೋಡಿದ ಮುಷ್ಟಿ ಅದೇ.

ಕೊರಿಂಥಿಯನ್ಸ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. 1910ರಲ್ಲಿ ಸಾವೊ ಪಾಲೊದ ಕೂಲಿ ಕಾರ್ಮಿಕರು ಕಟ್ಟಿದ ಕ್ಲಬ್ ಇದು. ಇದರ ಅಭಿಮಾನಿಗಳಿಗೆ ನಿಷ್ಠಾವಂತರು ಅಂತಲೇ ಹೆಸರು. 1954ರಿಂದ 1977ರವರೆಗೆ ಒಂದು ದೊಡ್ಡ ಟ್ರೋಫಿಯೂ ಇಲ್ಲದೆ ಕಾದ ಜನ ಅವರು. (ಹದಿನೆಂಟು ವರ್ಷ ಕಾದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಆ ಅಭಿಮಾನಿಗಳ ದೊಡ್ಡ ಸಂಘಟನೆ ಗವಿಯೋಯಿಸ್ ಡ ಫಿಯೆಲ್, 1969ರಲ್ಲಿ ಹುಟ್ಟಿದ್ದು, ಅಂದರೆ ಸರ್ವಾಧಿಕಾರದ ಅತಿ ಕೆಟ್ಟ ದಿನಗಳಲ್ಲಿ. 1979ರಲ್ಲಿ, ರಾಜಕೀಯ ಕೈದಿಗಳಿಗೂ ದೇಶಭ್ರಷ್ಟರಿಗೂ ಪೂರ್ತಿ ಕ್ಷಮಾದಾನ ಕೊಡಿ ಅಂತ ಒತ್ತಾಯಿಸುವ ಬ್ಯಾನರನ್ನು ಈ ಜನ ತುಂಬಿದ ಸ್ಟೇಡಿಯಂನಲ್ಲಿ ಬಿಚ್ಚಿ ಹಿಡಿದರು. ಆಟಗಾರರು ರಾಜಕೀಯ ಮಾತಾಡುವ ಮುಂಚೆಯೇ ಗ್ಯಾಲರಿ ಮಾತಾಡಿತ್ತು ಅನ್ನೋದನ್ನ ನೆನಪಿಡಿ. ಈಗ ಎಲ್ಲ ಕೀರ್ತಿಯನ್ನೂ ಸಾಕ್ರಟೀಸ್ ಒಬ್ಬನ ತಲೆಗೆ ಕಟ್ಟೋದು ರೂಢಿಯಾಗಿಬಿಟ್ಟಿದೆ, ಅದು ಸರಿಯಲ್ಲ.

1981 ಕ್ಲಬ್‌ಗೆ ಕೆಟ್ಟ ವರ್ಷ. ಹಳೇ ಪಾಳೇಗಾರನಂತಿದ್ದ ಅಧ್ಯಕ್ಷ ವಿಸೆಂಚಿ ಮಥೇವುಸ್ ಇಳಿದು ವಾಲ್ಡೆಮಾರ್ ಪಿರೆಸ್ ಬಂದರು. ಅವರು ಫುಟ್‌ಬಾಲ್ ವಿಭಾಗದ ನಿರ್ದೇಶಕನನ್ನಾಗಿ ಮಾಡಿದ್ದು ಅಡಿಲ್ಸನ್ ಮೊಂತೇರೊ ಅಲ್ವೆಸ್ ಎಂಬ ಸಮಾಜಶಾಸ್ತ್ರ ಓದಿದ ಯುವಕನನ್ನ. ಆತನಿಗೆ ಫುಟ್‌ಬಾಲ್ ಆಡಳಿತದ ಅನುಭವ ಏನೂ ಇರಲಿಲ್ಲ. ಬಂದವನೇ ಆಟಗಾರರನ್ನು ಕೂರಿಸಿಕೊಂಡು ನಿಮಗೇನು ಬೇಕು ಅಂತ ಕೇಳಿದ. ಬ್ರೆಜಿಲ್‌ನಲ್ಲಿ ಆಟಗಾರರನ್ನು ಹಾಗೆ ಯಾರೂ ಕೇಳುತ್ತಿರಲಿಲ್ಲ. ಪಂದ್ಯದ ಮುಂಚೆ ಒಂದೆರಡು ದಿನ ಹೋಟೆಲಿನಲ್ಲಿ ಕೂಡಿಹಾಕುವ ಪದ್ಧತಿ ಇತ್ತು, ಮದುವೆಯಾಗಿ ಮಕ್ಕಳಿದ್ದವರನ್ನೂ ಹಾಸ್ಟೆಲ್ ಹುಡುಗರ ಹಾಗೆ.

ಅಲ್ಲಿಂದ ಶುರುವಾಗಿದ್ದೇ ಕೊರಿಂಥಿಯನ್ಸ್ ಡೆಮಾಕ್ರಸಿ. ಸಾಕ್ರಟೀಸ್, ಕಾರ್ಮಿಕ ಸಂಘಟನೆಯ ಅನುಭವವಿದ್ದ ಕಪ್ಪು ಜನಾಂಗದ ಡಿಫೆಂಡರ್ ವ್ಲಾಡಿಮಿರ್, ಇನ್ನೂ ಇಪ್ಪತ್ತು ತುಂಬದ ಉದ್ದ ಕೂದಲಿನ ಕಸಾಗ್ರಾಂಡೆ ಮುಂದೆ ನಿಂತರು. ಕ್ಲಬ್ಬಿನ ದಿನನಿತ್ಯದ ವಿಷಯಗಳೆಲ್ಲ ಮತಕ್ಕೆ ಬಂದವು. ಬಸ್ ಎಷ್ಟು ಗಂಟೆಗೆ ಹೊರಡಬೇಕು, ಪ್ರಾಕ್ಟೀಸ್ ಯಾವಾಗ, ಹೊಸ ಆಟಗಾರ ಬೇಕಾ, ಹೋಟೆಲಿನಲ್ಲಿ ಕೂಡಿಹಾಕೋದು ಬೇಕಾ. ಕ್ಯಾಪ್ಟನ್‌ಗೆ ಒಂದು ವೋಟು, ಅಧ್ಯಕ್ಷರಿಗೆ ಒಂದು ವೋಟು, ಬಟ್ಟೆ ಒಗೆದು ಶೂ ಒರೆಸುವವನಿಗೂ ಒಂದೇ ವೋಟು. ದೇಶದಲ್ಲಿ ಅಧ್ಯಕ್ಷರನ್ನು ಆರಿಸುವ ಹಕ್ಕು ಯಾರಿಗೂ ಇಲ್ಲದ ಕಾಲದಲ್ಲಿ ಈ ಒಂದು ಲಾಕರ್ ರೂಮಿನಲ್ಲಿ ಎಲ್ಲರಿಗೂ ವೋಟು ಇತ್ತು.

ಇದನ್ನು ಬಂಗಾರದ ಚೌಕಟ್ಟಿನಲ್ಲಿ ಇಡೋದು ಬೇಡ. ವೋಟಿನ ತೂಕ ಒಂದೇ ಆದರೂ ಮಾತಿನ ತೂಕ ಒಂದೇ ಇರಲಿಲ್ಲ. ಡಾಕ್ಟರ್ ಬಾಯಿ ತೆರೆದ ಮೇಲೆ ಕಿಟ್ ಹುಡುಗ ಎಷ್ಟು ವಿರೋಧ ಮಾಡಬಲ್ಲ? ಗೋಲ್‌ಕೀಪರ್ ಎಮರ್ಸನ್ ಲಿಯಾವ್ 1983ರಲ್ಲಿ ಬಂದ ಮೇಲೆ ಈ ವ್ಯವಸ್ಥೆಯನ್ನೇ ಒಪ್ಪಲಿಲ್ಲ. ಇವರದ್ದೆಲ್ಲ ಶಿಸ್ತಿಲ್ಲದ ಕುಡುಕರ ಗುಂಪು ಅಂತ ಪತ್ರಿಕೆಗಳಲ್ಲಿ ಬರೆದವರೂ ಇದ್ದರು. ಬಾಯಿ ಮುಚ್ಚಿಸಿದ್ದು ಫಲಿತಾಂಶ: 1982 ಮತ್ತು 1983, ಎರಡೂ ವರ್ಷ ಸಾವೊ ಪಾಲೊ ರಾಜ್ಯ ಚಾಂಪಿಯನ್‌ಶಿಪ್ ಗೆದ್ದರು. ಸೋತಿದ್ದರೆ ಈ ಪ್ರಯೋಗವನ್ನು ಯಾರು ನೆನಪಿಡುತ್ತಿದ್ದರು ಅನ್ನೋ ಪ್ರಶ್ನೆ ನನಗೆ ಆಗಾಗ ಬರುತ್ತೆ.

1982ರ ನವೆಂಬರ್ 15ಕ್ಕೆ ರಾಜ್ಯಗಳ ಗವರ್ನರ್‌ಗಳನ್ನು ಜನ ನೇರವಾಗಿ ಆರಿಸುವ ಚುನಾವಣೆ ಇತ್ತು, ಎಷ್ಟೋ ವರ್ಷಗಳ ನಂತರ ಮೊದಲ ಸಲ. ಹದಿನೈದಕ್ಕೆ ಮತ ಹಾಕಿ ಅಂತ ಬೆನ್ನ ಮೇಲೆ ಬರೆದುಕೊಂಡ ಜೆರ್ಸಿ ತೊಟ್ಟು ಕೊರಿಂಥಿಯನ್ಸ್ ಮೈದಾನಕ್ಕಿಳಿಯಿತು. ಯಾರಿಗೆ ಅಂತ ಹೇಳಲಿಲ್ಲ, ಹಾಕಿ ಅಂತ ಮಾತ್ರ. ಐಪಿಎಲ್ ತಂಡವೊಂದರ ಬೆನ್ನಿನ ಮೇಲೆ ಇವತ್ತು ಏನೇನಿರುತ್ತೆ ಅಂತ ಒಮ್ಮೆ ಯೋಚಿಸಿ.

ಅದೇ ವರ್ಷ ಸ್ಪೇನ್‌ನಲ್ಲಿ ವಿಶ್ವಕಪ್. ಜೀಕೊ, ಫಲ್ಕಾವೊ, ಸೆರೆಝೊ, ಜೂನಿಯರ್, ಎಡೆರ್, ಕೋಚ್ ಟೆಲೆ ಸಂತಾನಾ, ಕ್ಯಾಪ್ಟನ್ ಸಾಕ್ರಟೀಸ್. ಈ ತಂಡದ ಬಗ್ಗೆ ನಮ್ಮ ಮಲೆಯಾಳಿ ಗೆಳೆಯರನ್ನು ಕೇಳಿದರೆ ರಾತ್ರಿಯಿಡೀ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಜುಲೈ 5ರಂದು ಬಾರ್ಸಿಲೋನಾದ ಸರಿಯಾ ಮೈದಾನದಲ್ಲಿ ಇಟಲಿ ವಿರುದ್ಧ ಡ್ರಾ ಮಾಡಿಕೊಂಡಿದ್ದರೆ ಸೆಮಿಫೈನಲ್ ಸಿಗುತ್ತಿತ್ತು. ಪಾವ್ಲೊ ರೊಸ್ಸಿ ಮೂರು ಗೋಲು ಹೊಡೆದ, ಬ್ರೆಜಿಲ್ 3-2ರಿಂದ ಸೋತಿತು. ಡ್ರಾಗೆ ಆಡೋದು ಆ ತಂಡಕ್ಕೆ ಗೊತ್ತೇ ಇರಲಿಲ್ಲ. ಬ್ರೆಜಿಲ್‌ನ ಮೊದಲ ಗೋಲು ಸಾಕ್ರಟೀಸ್‌ದು.

1984 ಈತನ ಬದುಕಿನ ನಡುಗಂಬ. ಅಧ್ಯಕ್ಷರನ್ನು ನಾವೇ ಆರಿಸಬೇಕು ಅಂತ ದೇಶದ ತುಂಬ ಚಳವಳಿ ನಡೀತಿತ್ತು. ದಾಂಚಿ ಡಿ ಒಲಿವೇರಾ ಎಂಬ ಯುವ ಸಂಸದ ಸಂವಿಧಾನ ತಿದ್ದುಪಡಿ ಮಂಡಿಸಿದ್ದರು. ಏಪ್ರಿಲ್ 16ರಂದು ಸಾವೊ ಪಾಲೊದ ಅನ್ಯಂಗಬಾವು ಕಣಿವೆಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸೇರಿದ್ದರು ಅಂತ ಅಂದಾಜು. ವೇದಿಕೆ ಮೇಲೆ ಸಾಕ್ರಟೀಸ್. ಇಟಲಿಯ ಫಿಯೊರೆಂಟಿನಾ ಕ್ಲಬ್ ಕೈ ತುಂಬ ದುಡ್ಡು ಕೊಟ್ಟು ಕರೆಯುತ್ತಿದ್ದ ಸಮಯ. ತಿದ್ದುಪಡಿ ಪಾಸಾದರೆ ನಾನು ದೇಶ ಬಿಟ್ಟು ಹೋಗಲ್ಲ ಅಂತ ಆತ ಆ ಜನಸಾಗರಕ್ಕೆ ಮಾತು ಕೊಟ್ಟ. ಏಪ್ರಿಲ್ 25ರಂದು ಮತದಾನ. ಬೇಕಿದ್ದದ್ದು 320, ಬಿದ್ದದ್ದು 298. ನೂರಕ್ಕೂ ಹೆಚ್ಚು ಸಂಸದರು ಸದನಕ್ಕೇ ಬರಲಿಲ್ಲ. ಇಪ್ಪತ್ತೆರಡು ವೋಟಿನ ಕೊರತೆ.

ಇಪ್ಪತ್ತೆರಡು ಅನ್ನೋ ಸಂಖ್ಯೆ ಓದಿದಾಗೆಲ್ಲ ನನ್ನ ಕಾಲೇಜಿನ ಆ ಇಪ್ಪತ್ತೆರಡು ಸೆಕೆಂಡ್ ನೆನಪಾಗುತ್ತೆ. ಕಾಕತಾಳೀಯ ಅಷ್ಟೇ, ಅದಕ್ಕೆ ಅರ್ಥ ಹಚ್ಚೋದು ಬೇಡ.

ಆತ ಇಟಲಿಗೆ ಹೋದ. ಫ್ಲಾರೆನ್ಸ್‌ನಲ್ಲಿ ಒಂದೇ ಸೀಸನ್. ಚಳಿ, ಕಟ್ಟುನಿಟ್ಟು, ಓಡು ಓಡು ಅನ್ನೋ ಆಟ ಯಾವುದೂ ಒಗ್ಗಲಿಲ್ಲ. ಇತ್ತ 1985ರಲ್ಲಿ ಕ್ಲಬ್ಬಿನ ಅಧ್ಯಕ್ಷ ಸ್ಥಾನದ ಚುನಾವಣೆಗೆ ನಿಂತ ಅಡಿಲ್ಸನ್ ಸೋತ. ಡೆಮಾಕ್ರಸಿ ಅಂತ ಹೆಸರಿಟ್ಟುಕೊಂಡ ಪ್ರಯೋಗ ಚುನಾವಣೆಯಲ್ಲೇ ಮುಗಿಯಿತು. ಅದೇ ವರ್ಷ ದೇಶದಲ್ಲಿ ಸೇನೆಯ ಆಡಳಿತ ಕೊನೆಯಾಯಿತು. ಬ್ರೆಜಿಲ್ ಜನ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದ್ದು ಮಾತ್ರ 1989ರಲ್ಲಿ.

1986ರ ಮೆಕ್ಸಿಕೊ ವಿಶ್ವಕಪ್‌ನ ಒಂದು ಸಂಗತಿ ಈ ಲೇಖನಕ್ಕೆ ಮುಖ್ಯ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಮೆಕ್ಸಿಕೊ ಸಿಟಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಿದ್ದರು. ಮೊದಲ ಪಂದ್ಯಕ್ಕೆ ಸಾಕ್ರಟೀಸ್ ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಂದ. ಮೆಕ್ಸಿಕೊ ಇನ್ನೂ ಎದ್ದು ನಿಂತಿದೆ ಎಂಬರ್ಥದ ಬರಹ ಅದರ ಮೇಲೆ. ಮುಂದಿನ ಪಂದ್ಯಗಳಲ್ಲಿ ಹಿಂಸೆಯ ವಿರುದ್ಧ, ಯುದ್ಧದ ವಿರುದ್ಧ ಬರೆದ ಪಟ್ಟಿಗಳು. ಸತ್ತವರಿಗೆ ಗೌರವ ಹೇಗೆ ಅಂತ ಆತ ಯಾರ ಅನುಮತಿಯನ್ನೂ ಕೇಳಲಿಲ್ಲ. ಸ್ಪೇನ್ ವಿರುದ್ಧದ ಆ ಪಂದ್ಯದ ಒಂದೇ ಗೋಲು ಆತನದ್ದೇ, ತಲೆಯಿಂದ ಹೊಡೆದದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಓಡದೆ ನಿಂತಲ್ಲಿಂದಲೇ ಪೆನಾಲ್ಟಿ ಒದೆಯುವ ತನ್ನ ಹಳೇ ಚಟ ಕೈಕೊಟ್ಟಿತು. ಗೋಲಿ ಬಾಟ್ಸ್ ತಡೆದ. ಬ್ರೆಜಿಲ್ ಮನೆಗೆ.

ಈಗ ಮೌನದ ವಿಷಯಕ್ಕೆ ಬರ್ತೀನಿ. ಸತ್ತವರಿಗಾಗಿ ಗಡಿಯಾರ ನೋಡಿಕೊಂಡು ಮೌನ ಆಚರಿಸುವ ಪದ್ಧತಿಯ ಮೊದಲ ಅಧಿಕೃತ ದಾಖಲೆ 1912ರ ಫೆಬ್ರುವರಿಯದ್ದು. ಪೋರ್ಚುಗಲ್‌ನ ಸೆನೆಟ್ ಹತ್ತು ನಿಮಿಷ ಸುಮ್ಮನೆ ಕೂತಿತ್ತು. ಯಾರಿಗಾಗಿ ಗೊತ್ತಾ? ಬ್ರೆಜಿಲ್‌ನ ವಿದೇಶಾಂಗ ಮಂತ್ರಿ, ರಿಯೊ ಬ್ರಾಂಕೊದ ಬ್ಯಾರನ್‌ಗಾಗಿ. ಆಮೇಲೆ 1919ರ ನವೆಂಬರ್ 11ರಂದು ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಬ್ರಿಟನ್ ಎರಡು ನಿಮಿಷ ನಿಂತಿತು, ಅರಸ ಐದನೇ ಜಾರ್ಜ್ ಕರೆ ಕೊಟ್ಟಿದ್ದ. ಅಂದರೆ ಮೌನ ಅನ್ನೋದು ಸಭಾಭವನದಿಂದ, ಅರಮನೆಯಿಂದ ಮೈದಾನಕ್ಕೆ ಇಳಿದು ಬಂದ ಆಚಾರ. ಗ್ಯಾಲರಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೇ ಏನೋ, ಗ್ಯಾಲರಿಗೆ ಅದು ಪೂರ್ತಿ ಒಗ್ಗಿಲ್ಲ. 1994ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ ತೀರಿಕೊಂಡಾಗ ಬ್ಲಾಕ್‌ಬರ್ನ್‌ನಲ್ಲಿ ಲೀಡ್ಸ್ ಅಭಿಮಾನಿಗಳಲ್ಲಿ ಕೆಲವರು ಕೂಗಿ ಮೌನ ಕೆಡಿಸಿದರು. 2005ರಲ್ಲಿ ಜಾರ್ಜ್ ಬೆಸ್ಟ್ ಸತ್ತಾಗ ಇಂಗ್ಲೆಂಡ್‌ನ ಹಲವು ಮೈದಾನಗಳಲ್ಲಿ ಮೌನದ ಬದಲು ಒಂದು ನಿಮಿಷ ಚಪ್ಪಾಳೆ ಹೊಡೆದರು. ಚಪ್ಪಾಳೆಯಲ್ಲಿ ಬೈಗುಳ ಕೇಳಿಸಲ್ಲ ಅನ್ನೋ ವ್ಯವಹಾರ ಜ್ಞಾನವೂ ಅದರಲ್ಲಿ ಇತ್ತು. ಇಟಲಿಯವರು ಹೆಣ ಹೊರುವಾಗಲೂ ಚಪ್ಪಾಳೆ ಹೊಡೀತಾರೆ. ನಮ್ಮ ಹಳ್ಳಿಗಳಲ್ಲಿ ತಮಟೆ ಇಲ್ಲದೆ ಹೆಣ ಹೊರಡುತ್ತಾ? ಸದ್ದು ಮಾಡಿದರೆ ಅಗೌರವ ಅನ್ನೋದು ನಮಗೆ ಶಾಲೆಯ ಪ್ರೇಯರ್‌ನಲ್ಲಿ ಕಲಿಸಿದ ಪಾಠ, ಊರಿನ ಪಾಠ ಅಲ್ಲ.

ಮೌನ ಬೇಡ ಅಂತ ನಾನು ಹೇಳ್ತಾ ಇಲ್ಲ. ಐವತ್ತು ಸಾವಿರ ಜನ ನಿಜವಾಗಿ ಸುಮ್ಮನಾದಾಗ ಬಾವುಟದ ಹಗ್ಗ ಕಂಬಕ್ಕೆ ಬಡಿಯೋದು ಕೇಳುತ್ತೆ, ಅದಕ್ಕಿಂತ ದೊಡ್ಡ ಸದ್ದು ಇನ್ನೊಂದಿಲ್ಲ. ಆದರೆ ಸಿದ್ಧ ಮೌನ ಎಲ್ಲ ಸಾವಿಗೂ ಹೊಂದುತ್ತೆ, ಅದೇ ಅದರ ತೊಂದರೆ. ಮಂತ್ರಿ ಸತ್ತರೂ ಅದೇ, ಗ್ರೌಂಡ್ ಅಣ್ಣ ಸತ್ತರೂ ಅದೇ, ಸೆಕೆಂಡಿನಲ್ಲಿ ಮಾತ್ರ ವ್ಯತ್ಯಾಸ. 2014ರ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ಫಿಲಿಪ್ ಹ್ಯೂಸ್‌ಗಾಗಿ 63 ಸೆಕೆಂಡ್ ಚಪ್ಪಾಳೆ ಹೊಡೆದರಲ್ಲ, ಚೆಂಡು ತಗುಲಿ ಬಿದ್ದಾಗ ಆತ ಔಟಾಗದೆ 63 ರನ್ ಮಾಡಿದ್ದ. ಆ 63 ಇನ್ನೊಬ್ಬರಿಗೆ ಹೊಂದಲ್ಲ. ಬಾರ್ಸಿಲೋನಾದ ಎಸ್ಪನ್ಯೋಲ್ ಕ್ಲಬ್ಬಿನ ಅಭಿಮಾನಿಗಳು 2009ರಲ್ಲಿ ಸತ್ತ ತಮ್ಮ ಕ್ಯಾಪ್ಟನ್ ಡಾನಿ ಹಾರ್ಕೆಗಾಗಿ ಪಂದ್ಯದ 21ನೇ ನಿಮಿಷದಲ್ಲಿ ಚಪ್ಪಾಳೆ ಹೊಡೆಯುತ್ತಾರೆ, ಆತನ ಜೆರ್ಸಿ ನಂಬರ್ ಅದು. ಆಟ ನಿಲ್ಲಲ್ಲ. ಯಾರೂ ಮೈಕ್‌ನಲ್ಲಿ ಹೇಳಬೇಕಿಲ್ಲ.

ನಮ್ಮ ಊರಿಗೂ ಈ ಪ್ರಶ್ನೆ ಬಂತು. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟುಗಳ ಹತ್ತಿರ 11 ಜನ ಕಾಲ್ತುಳಿತದಲ್ಲಿ ಸತ್ತರು. ಆ ಸಂಜೆ ಡೆಸ್ಕ್‌ನಲ್ಲಿದ್ದೆ. ಒಂದು ಸ್ಕ್ರೀನ್‌ನಲ್ಲಿ ಆಸ್ಪತ್ರೆಯ ಅಂಗಳ, ಇನ್ನೊಂದರಲ್ಲಿ ಸ್ಟೇಡಿಯಂ ಒಳಗಿನ ಸನ್ಮಾನ. ಯಾವ ಸುದ್ದಿ ಮೇಲೆ ಹಾಕಬೇಕು ಅನ್ನೋದಕ್ಕೆ ನಮ್ಮಲ್ಲೇ ಹತ್ತು ನಿಮಿಷ ಜಗಳವಾಯಿತು. ಆ ಜಗಳ ಆಯಿತಲ್ಲ ಅನ್ನೋದೇ ಈಗ ನಾಚಿಕೆ. ಆಮೇಲೆ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು. ಸತ್ತವರಿಗಾಗಿ ಜೊತೆಗೆ ನಿಲ್ಲೋಕೆ ಆ ಸೀಸನ್ನಿನಲ್ಲಿ ಗ್ಯಾಲರಿಗೆ ಜಾಗವೇ ಇರಲಿಲ್ಲ. ಸತ್ತವರು ಆಟಗಾರರಲ್ಲ, ಜೆರ್ಸಿ ನಂಬರ್ ಇಲ್ಲ, ರನ್ ಇಲ್ಲ. ಹಾಗಾದರೆ ಏನು ಮಾಡಬೇಕು? ಹಿಲ್ಸ್‌ಬರೊದಲ್ಲಿ ಸತ್ತವರ ನೆನಪಿನಲ್ಲಿ ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್ ಮೈದಾನದಲ್ಲಿ ಸಭೆ ಸೇರಿದಾಗ ಒಬ್ಬೊಬ್ಬರದೇ ಹೆಸರು ಪೂರ್ತಿ ಓದುತ್ತಿದ್ದರು. ನನ್ನ ಕೇಳಿದರೆ, ಪ್ರತಿ ಸೀಸನ್ನಿನ ಮೊದಲ ಪಂದ್ಯದ ಹನ್ನೊಂದನೇ ಓವರ್‌ಗೆ ಹನ್ನೊಂದು ಹೆಸರು ಗ್ಯಾಲರಿಯೇ ಕೂಗಬೇಕು. ದೊಡ್ಡ ಸ್ಕ್ರೀನ್‌ನಲ್ಲಿ ಜಾಹೀರಾತಿನ ನಡುವೆ ಮೇಣದ ಬತ್ತಿ ಚಿತ್ರ ತೋರಿಸೋದು ಸಾಲದು. ಹೆಸರು ಕೂಗಬೇಕು ಅಂದರೆ ಮೊದಲು ಹೆಸರು ಗೊತ್ತಿರಬೇಕು.

ಸಾಕ್ರಟೀಸ್‌ನ ಕೊನೆಯ ವರ್ಷಗಳು. ಫ್ಲಮೆಂಗೊ, ಸಾಂತೋಸ್, ಮತ್ತೆ ಊರಿನ ಬೊಟಾಫೊಗೊ ಅಂತ ಆಡಿ 1989ರಲ್ಲಿ ನಿಲ್ಲಿಸಿದ. ಊರಿನಲ್ಲಿ ವೈದ್ಯನಾಗಿ ಕೆಲಸ ಮಾಡಿದ, ಟಿವಿಯಲ್ಲಿ ಮಾತಾಡಿದ, ಕಾರ್ಟಾ ಕ್ಯಾಪಿಟಲ್ ವಾರಪತ್ರಿಕೆಗೆ ಅಂಕಣ ಬರೆದ. ಒಬ್ಬ ಮಗನಿಗೆ ಫಿಡೆಲ್ ಅಂತ ಹೆಸರಿಟ್ಟ, ಅಪ್ಪನ ಚಾಳಿ ಬಿಡಲಿಲ್ಲ. 2004ರಲ್ಲಿ ಐವತ್ತರ ವಯಸ್ಸಿನಲ್ಲಿ ಇಂಗ್ಲೆಂಡಿನ ಗಾರ್ಫೋರ್ತ್ ಟೌನ್ ಎಂಬ ಪುಟ್ಟ ಕ್ಲಬ್‌ಗಾಗಿ ಸಬ್‌ಸ್ಟಿಟ್ಯೂಟ್ ಆಗಿ ಹತ್ತು ಹನ್ನೆರಡು ನಿಮಿಷ ಆಡಿದ. ಯಾಕೆ ಅಂತ ಕೇಳಬೇಡಿ.

ಮತ್ತು ಕುಡಿದ. ಆಡುವ ಕಾಲದಿಂದಲೂ ಬಿಯರು, ಸಿಗರೇಟು. ಬಚ್ಚಿಡಲಿಲ್ಲ. ಡಾಕ್ಟರ್ ಆಗಿ ತನ್ನ ಲಿವರ್‌ಗೆ ಏನಾಗುತ್ತಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. 2011ರ ಆಗಸ್ಟ್‌ನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ, ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಆಗ ತನ್ನ ಕುಡಿತದ ಬಗ್ಗೆ ಬಹಿರಂಗವಾಗಿಯೇ ಮಾತಾಡಿದ. ಡಿಸೆಂಬರ್ ಮೊದಲ ದಿನಗಳಲ್ಲಿ ಕರುಳಿನ ಸೋಂಕಿನಿಂದ ಮೂರನೇ ಸಲ ಸೇರಿದವನು ಹೊರಗೆ ಬರಲಿಲ್ಲ. ಡಿಸೆಂಬರ್ 4, ನಸುಕಿನಲ್ಲಿ, ಸಾವೊ ಪಾಲೊದ ಆಸ್ಪತ್ರೆಯೊಂದರಲ್ಲಿ ಸತ್ತ. ವಯಸ್ಸು 57. ಆತನನ್ನು ಹೊಗಳುವ ಲೇಖನಗಳಲ್ಲಿ ಈ ಪ್ಯಾರಾ ಸಣ್ಣದಾಗಿ ಮುಗಿಯುತ್ತೆ, ಇಲ್ಲವೇ ಕುಡಿತವೂ ಒಂದು ಬಂಡಾಯ ಅನ್ನೋ ಥರ ಬರೀತಾರೆ. ಹತ್ತಿರದವರೊಬ್ಬರನ್ನು ಹೀಗೇ ಕಳೆದುಕೊಂಡವನಾಗಿ ಹೇಳ್ತೀನಿ, ಅದರಲ್ಲಿ ಬಂಡಾಯ ಏನೂ ಇಲ್ಲ.

ಅವತ್ತು ಭಾನುವಾರ. ಬ್ರೆಜಿಲ್ ಲೀಗಿನ ಕೊನೆಯ ಸುತ್ತು. ಪಕಾಯೆಂಬುವಿನಲ್ಲಿ ಕೊರಿಂಥಿಯನ್ಸ್‌ಗೆ ಎದುರಾಳಿ ಅದೇ ಊರಿನ ಬದ್ಧವೈರಿ ಪಾಲ್ಮೇರಾಸ್. ಒಂದು ಪಾಯಿಂಟ್ ಸಿಕ್ಕರೆ ಕೊರಿಂಥಿಯನ್ಸ್ ಚಾಂಪಿಯನ್. ಕೊರಿಂಥಿಯನ್ಸ್ ಟ್ರೋಫಿ ಗೆಲ್ಲುವ ಭಾನುವಾರದಂದು ಸಾಯಬೇಕು ಅಂತ 1980ರ ದಶಕದಲ್ಲೇ ಆತ ಹೇಳಿಕೊಂಡಿದ್ದ. ಸಾವಿನ ಸುದ್ದಿ ಬೆಳಗ್ಗೆಯೇ ಊರೆಲ್ಲ ಹಬ್ಬಿತ್ತು. ಗ್ಯಾಲರಿಗೆ ಬಂದವರಲ್ಲಿ ಎಷ್ಟೋ ಜನ ಆತ ಆಡೋದನ್ನ ಕಣ್ಣಾರೆ ಕಂಡವರಲ್ಲ, ಅಪ್ಪಂದಿರಿಂದ ಕೇಳಿದವರು. ಪಂದ್ಯಕ್ಕೆ ಮುಂಚೆ ಮೌನಾಚರಣೆಯ ಹೊತ್ತು ಬಂದಾಗ ಆಟಗಾರರು ನಡುವೃತ್ತದಲ್ಲಿ ನಿಂತು ಬಲಗೈ ಎತ್ತಿದರು, ಗ್ಯಾಲರಿಯೂ ಎತ್ತಿತು. ಆತ ಮೂವತ್ತು ವರ್ಷದ ಹಿಂದೆ ಅದೇ ಹುಲ್ಲಿನ ಮೇಲೆ ಮಾಡುತ್ತಿದ್ದುದನ್ನೇ ಅವರು ಆತನಿಗೆ ತಿರುಗಿ ಕೊಟ್ಟರು.

ಮುಷ್ಟಿ ಎತ್ತೋದು ಸುಲಭ ಅಂತ ನಾನೇ ನನ್ನ ಜೊತೆ ವಾದ ಮಾಡಿದ್ದೂ ಇದೆ. ಆ ಹೊತ್ತಿಗೆ ಕ್ಲಬ್ಬಿನಲ್ಲಿ ವೋಟಿನ ಪದ್ಧತಿ ಹೋಗಿ ಕಾಲು ಶತಮಾನ ದಾಟಿತ್ತು. ಮುಷ್ಟಿ ಎತ್ತಿದ ಆಟಗಾರರು ಬಸ್ ಹೊರಡುವ ಸಮಯವನ್ನು ತಾವು ನಿರ್ಧರಿಸುತ್ತಿರಲಿಲ್ಲ. ಡೆಮಾಕ್ರಸಿ ಅನ್ನೋ ಪದ ಟಿ-ಶರ್ಟ್ ಮೇಲೆ ಮಾರಾಟಕ್ಕಿತ್ತು. ಆದರೂ ಆ ಫೋಟೋ ನೋಡಿಯೇ ಅಲ್ವಾ, ಇಲ್ಲಿ, ಇಷ್ಟು ದೂರದ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಕಿಟ್ ಹುಡುಗನಿಗೂ ವೋಟಿದ್ದ ಕ್ಲಬ್ಬಿನ ಕಥೆ ಹುಡುಕಿಕೊಂಡು ಹೋಗಿದ್ದು. ತಲೆ ತಗ್ಗಿಸಿ ನಿಂತ ಫೋಟೋ ಆಗಿದ್ದರೆ ನಾನು ಸ್ಕ್ರಾಲ್ ಮಾಡಿ ಮುಂದೆ ಹೋಗಿರುತ್ತಿದ್ದೆ.

ಗ್ರೌಂಡ್ ಅಣ್ಣನ ಹೆಸರನ್ನು ಆ ವಾರವೇ ಮೆಸ್‌ನವರ ಹತ್ತಿರ ಕೇಳಿ ತಿಳಿದುಕೊಂಡೆ. ಅವರ ಮನೆಯವರನ್ನು ಕೇಳದೆ ಇಲ್ಲಿ ಬರೆಯಲ್ಲ.

ಪಕಾಯೆಂಬುವಿನಲ್ಲಿ ಆ ನಿಮಿಷ ಮುಗಿದ ಮೇಲೆ ನಡೆದ ಪಂದ್ಯ ಚೆಂದದ ಪಂದ್ಯವಲ್ಲ. ತಳ್ಳಾಟ, ಫೌಲು, ಎರಡೂ ಕಡೆಗೆ ರೆಡ್ ಕಾರ್ಡ್. ಹಿಮ್ಮಡಿ ಪಾಸಿನ ಡಾಕ್ಟರ್ ಕೂತು ನೋಡಿದ್ದರೆ ಬೇಸರದಿಂದ ಇನ್ನೊಂದು ಸಿಗರೇಟು ಹಚ್ಚುತ್ತಿದ್ದ. 0-0 ಆಯಿತು, ಅಷ್ಟು ಸಾಕಿತ್ತು, ಕೊರಿಂಥಿಯನ್ಸ್ ಚಾಂಪಿಯನ್. ಮುನ್ನೂರು ಕಿಲೋಮೀಟರ್ ದೂರದ ರಿಬೇರೊ ಪ್ರೆಟೊದಲ್ಲಿ ಆತನನ್ನು ಅದೇ ದಿನ ಮಣ್ಣು ಮಾಡಿದರು.